ಇಪ್ಪತ್ತಕ್ಕೆ ಒಂಬತ್ತು

ದಿಜೋನ್ ನಗರದಿಂದ ಪೆರ್ನೋಲ್ ಹಳ್ಳಿಗೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಊರ ಹೊರಗಿನ ದೊಡ್ಡ ದೊಡ್ಡ ಅಂಗಡಿಗಳು ಮುಗಿದವು ಅನ್ನುವಷ್ಟರಲ್ಲಿ ದ್ರಾಕ್ಷಿ ಬಳ್ಳಿಯ ಸಾಲುಗಳು ಶುರುವಾಗುತ್ತವೆ. ಅಷ್ಟು ಹತ್ತಿರ. ಆ ಇಪ್ಪತ್ತೈದು ನಿಮಿಷದ ದಾರಿಯನ್ನು ಸಿಲ್ವಿಯಾನ್ ತ್ರಮುವಾ ಹದಿನಾಲ್ಕು ವರ್ಷದಿಂದ ತುಳಿದಿರಲಿಲ್ಲ. ಸಮುದ್ರದಾಚೆ ಮದುವೆಯಾಗಿ ಹೋದವರು ಕೂಡ ಅಷ್ಟು ವರ್ಷದಲ್ಲಿ ನಾಲ್ಕು ಸಲವಾದರೂ ತವರಿಗೆ ಬಂದು ಹೋಗಿರುತ್ತಾರೆ. ಇವಳಿಗೆ ಅಡುಗೆಮನೆಯ ಕಿಟಕಿ ತೆಗೆದರೆ ತವರಿನ ಗುಡ್ಡ ಕಾಣುತ್ತಿತ್ತು. ಕಂಡರೇನು ಬಂತು, ಹೋಗುವ ಹಾಗಿರಲಿಲ್ಲ.

ಅವಳ ಹೊಟ್ಟೆಪಾಡೇ ವೈನು. ದಿಜೋನಿನ ಹಳೇ ಪೇಟೆಯ ಒಂದು ಕಲ್ಲುಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ದಿನಕ್ಕೆ ಎರಡು ಸಲ ಪ್ರವಾಸಿಗರನ್ನು ಕೂರಿಸಿಕೊಂಡು ನಾಲ್ಕು ಬಗೆಯ ವೈನಿನ ರುಚಿ ತೋರಿಸುತ್ತಿದ್ದಳು. ಗ್ಲಾಸನ್ನು ಹೀಗೆ ಹಿಡಿಯಿರಿ, ಹೀಗೆ ಆಡಿಸಿ, ಮೊದಲು ಮೂಗು ಆಮೇಲೆ ಬಾಯಿ, ನುಂಗಲೇಬೇಕೆಂದಿಲ್ಲ, ಉಗುಳುವುದಕ್ಕೆ ಬಕೆಟ್ ಇದೆ. ಐವತ್ತಾರು ವರ್ಷದ, ಬೆನ್ನು ನೆಟ್ಟಗಿನ ಹೆಂಗಸು. ಗಂಡ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು, ಅದನ್ನು ಅವಳು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಶುಕ್ರವಾರ ಮಾತ್ರ ಎಂಟು ಜನರನ್ನು ವ್ಯಾನಿನಲ್ಲಿ ಹತ್ತಿಸಿಕೊಂಡು ಸುತ್ತಲಿನ ತೋಟಗಳನ್ನು ತೋರಿಸಲು ಹೋಗುತ್ತಿದ್ದಳು. ಎಲ್ಲ ಹಳ್ಳಿಗೂ ಹೋಗುತ್ತಿದ್ದಳು, ಪೆರ್ನೋಲ್ ಒಂದನ್ನು ಬಿಟ್ಟು. ಯಾರಾದರೂ ಕೇಳಿದರೆ, ‘ಅಲ್ಲೇನಿದೆ ನೋಡೋಕೆ, ನಾಲ್ಕು ಮನೆ, ಒಂದು ಚರ್ಚು’ ಅಂತ ಹೇಳಿ ಬೇರೆ ಕಡೆ ನೋಡುತ್ತಿದ್ದಳು.

ನಾಲ್ಕು ಮನೆಯಲ್ಲಿ ಒಂದು ಅವಳದು. ಆ ಮನೆಯ ಹಿಂದೆ ಗುಡ್ಡಕ್ಕೆ ಒರಗಿಕೊಂಡು ಮೆರ್ಲಿಯೇರ್ ಅನ್ನುವ ಸಣ್ಣ ತುಂಡು ತೋಟ. ಅಜ್ಜ ನೆಟ್ಟ ಬಳ್ಳಿಗಳು. ಚಿಕ್ಕಂದಿನಲ್ಲಿ ಅಪ್ಪ ಫೆರ್ನಾಂ ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಒಂದೊಂದೇ ಗ್ಲಾಸನ್ನು ಮೂಗಿಗೆ ಹಿಡಿದು, ಇದು ಯಾವ ತುಂಡಿನದು ಹೇಳು ಅನ್ನುತ್ತಿದ್ದ. ಏಳು ವರ್ಷದ ಹುಡುಗಿ ಒಂದೂ ತಪ್ಪದೆ ಹೇಳುತ್ತಿದ್ದಳು. ಅವಳಿಗಿಂತ ಐದು ವರ್ಷ ದೊಡ್ಡವನಾದ ಅಣ್ಣ ರೆಜಿಸ್ ಪ್ರತಿ ಸಲವೂ ತಪ್ಪುತ್ತಿದ್ದ. ಅಪ್ಪ ನಗುತ್ತಾ ‘ಇವನಿಗೆ ಕೈ, ಇವಳಿಗೆ ಮೂಗು’ ಅಂತ ಮಕ್ಕಳನ್ನು ಹಂಚಿಬಿಟ್ಟಿದ್ದ. ಹಂಚಿದ್ದು ಸರಿಯಾಗಿಯೇ ಇತ್ತು. ರೆಜಿಸ್ ಮುಟ್ಟಿದ ಬಳ್ಳಿ ಸಾಯುತ್ತಿರಲಿಲ್ಲ, ಸಿಲ್ವಿಯಾನ್ ಮೂಸಿದ್ದು ತಪ್ಪುತ್ತಿರಲಿಲ್ಲ. ಅಣ್ಣ ತಂಗಿ ಅಂದರೆ ಒಂದೇ ಜೀವ ಅಂತ ಊರು ಮಾತಾಡಿಕೊಳ್ಳುತ್ತಿತ್ತು.

ಇನ್ನು ಆ ಒಂಬತ್ತರ ವಿಷಯಕ್ಕೆ ಬರೋಣ.

ಪೆರ್ನೋಲ್‌ನಲ್ಲಿ ವರ್ಷಕ್ಕೊಮ್ಮೆ ಊರಿನವರೇ ಕೂತು ಊರಿನ ವೈನಿಗೆ ಅಂಕ ಹಾಕುತ್ತಾರೆ. ಪ್ರತಿ ಮನೆಯವರೂ ತಮ್ಮ ಪೀಪಾಯಿಯಿಂದ ಒಂದು ಬಾಟಲಿ ತುಂಬಿ ತರಬೇಕು. ಬಾಟಲಿಗಳಿಗೆ ಉದ್ದನೆಯ ಬಟ್ಟೆಚೀಲ ತೊಡಿಸಿ, ಯಾರದ್ದು ಯಾವುದು ಅಂತ ಗೊತ್ತಾಗದ ಹಾಗೆ ಮೇಜಿನ ಮೇಲಿಡುತ್ತಾರೆ. ಐದು ಜನ ತೀರ್ಪುಗಾರರು ಮೂಸಿ, ಚಪ್ಪರಿಸಿ, ಉಗುಳಿ, ಇಪ್ಪತ್ತಕ್ಕೆ ಇಷ್ಟು ಅಂತ ಚೀಟಿಯಲ್ಲಿ ಬರೆಯುತ್ತಾರೆ. ಸರಾಸರಿ ಹತ್ತಕ್ಕಿಂತ ಕಡಿಮೆಯಾದರೆ ಆ ವರ್ಷ ಬಾಟಲಿಯ ಮೇಲೆ ಊರಿನ ಮುದ್ರೆ ಇಲ್ಲ. ಮುದ್ರೆ ಹೋದರೂ ಬದುಕಬಹುದು, ಮಾನ ಹೋದರೆ ಹಳ್ಳಿಯಲ್ಲಿ ಮುಖ ಎತ್ತಿ ತಿರುಗುವುದು ಕಷ್ಟ.

ಆ ವರ್ಷ ಐವರಲ್ಲಿ ಸಿಲ್ವಿಯಾನ್ ಒಬ್ಬಳು. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ರೆಜಿಸ್ ಒಬ್ಬನೇ ನಿಂತು ಮಾಡಿದ ಮೊದಲ ಮೆರ್ಲಿಯೇರ್ ಆ ಮೇಜಿನ ಮೇಲೆ ಎಲ್ಲೋ ಇತ್ತು. ಆರನೆಯ ಗ್ಲಾಸನ್ನು ಮೂಗಿನ ಹತ್ತಿರ ತಂದದ್ದೇ ತಡ, ಅವಳಿಗೆ ಗೊತ್ತಾಯಿತು. ಮನೆ. ಅಪ್ಪ, ಹಿತ್ತಲು, ಮೆಟ್ಟಿಲು, ಎಲ್ಲವೂ ಅದರಲ್ಲಿತ್ತು. ಅದರ ಮೇಲೆ ತೆಳುವಾಗಿ ಹುಳಿಯ ಚುರುಕೂ ಇತ್ತು. ರೆಜಿಸ್ ಬಾಟಲಿ ತುಂಬಿದ ಪೀಪಾಯಿ ಕೆಟ್ಟಿತ್ತು, ಅವನ ಮೂಗಿಗೆ ಅದು ತಿಳಿದಿರಲಿಲ್ಲ. ಹುಳಿ ಅಂದರೆ ಹುಳಿಯೇ. ಅಣ್ಣನದು ಅಂತ ಹನ್ನೆರಡು ಹಾಕಲು ಅವಳಿಗೆ ಕೈ ಬರಲಿಲ್ಲ. ಒಂಬತ್ತು ಬರೆದಳು. ಉಳಿದ ನಾಲ್ವರೂ ಹತ್ತು ಹತ್ತು ಅಂತ ಹಾಗೂ ಹೀಗೂ ದಾಟಿಸಿದ್ದರು. ತಂಗಿಯ ಒಂಬತ್ತು ಅಣ್ಣನನ್ನು ಬೀಳಿಸಿತು.

ಬಟ್ಟೆಚೀಲ ಕಳಚಿದಾಗ ರೆಜಿಸ್ ಬಾಗಿಲ ಹತ್ತಿರ ನಿಂತಿದ್ದ. ಚೀಟಿ ನೋಡಿದ, ಅವಳ ಅಕ್ಷರ ಗುರುತಿಸಿದ. ಹತ್ತಿರ ಬಂದು ಮೆಲ್ಲಗೆ ಕೇಳಿದ, “ನಿನಗೆ ಗೊತ್ತಾಗ್ಲಿಲ್ವಾ ಸಿಲ್ವೀ, ನಮ್ಮದು ಅಂತ?”

ಇಡೀ ಊರು ಕಿವಿ ನಿಮಿರಿಸಿಕೊಂಡು ನಿಂತಿತ್ತು. ಗೊತ್ತಾಗಿಯೂ ಒಂಬತ್ತು ಹಾಕಿದೆ ಅಂದರೆ ಅಣ್ಣನ ಕುತ್ತಿಗೆಗೆ ಕೈ ಹಾಕಿದ ಹಾಗೆ. ಗೊತ್ತಿಲ್ಲದೆ ಆದ ತಪ್ಪನ್ನಾದರೆ ಯಾರಾದರೂ ಕ್ಷಮಿಸುತ್ತಾರೆ ಅಂತ ಅವಳು ಆ ಗಳಿಗೆಯಲ್ಲಿ ಲೆಕ್ಕ ಹಾಕಿದಳು.

“ಇಲ್ಲ,” ಅಂದಳು. “ಗೊತ್ತಾಗ್ಲಿಲ್ಲ.”

ರೆಜಿಸ್ “ಸರಿ” ಅಂದ. ಟೋಪಿ ಹಾಕಿಕೊಂಡು ಹೋದ. ಅಷ್ಟೇ. ಮುಂದಿನ ಭಾನುವಾರ ಅವಳು ಊಟಕ್ಕೆ ಹೋದಾಗ ಅತ್ತಿಗೆ ನಾದೆಜ್ ಗೇಟಿನ ಹತ್ತಿರವೇ ನಿಂತು, “ಅವರು ತೋಟದಲ್ಲಿದ್ದಾರೆ, ಯಾವಾಗ ಬರ್ತಾರೋ ಗೊತ್ತಿಲ್ಲ” ಅಂದಳು. ಅದರ ಮುಂದಿನ ಭಾನುವಾರವೂ ತೋಟದಲ್ಲಿದ್ದ. ಮೂರನೆಯ ಭಾನುವಾರ ಚಳಿಮಳೆ, ನಾಯಿ ಕೂಡ ಹೊರಗೆ ಹೋಗದ ದಿನ, ಆಗಲೂ ತೋಟದಲ್ಲಿದ್ದ. ಸಿಲ್ವಿಯಾನ್ ಅರ್ಥ ಮಾಡಿಕೊಂಡಳು. ಇವಳಿಗೂ ತ್ರಮುವಾ ಮನೆಯ ಬಿಗುಮಾನವೇ ಬಂದಿತ್ತಲ್ಲ, ನಾಲ್ಕನೆಯ ಭಾನುವಾರ ಹೋಗಲಿಲ್ಲ.

ಹಾಗೆ ಹದಿನಾಲ್ಕು ವರ್ಷ. ರೆಜಿಸ್ ಮೆರ್ಲಿಯೇರನ್ನು ಮನೆಯ ಹೆಸರಿನಲ್ಲಿ ಬಾಟಲಿ ಮಾಡುವುದನ್ನೇ ಬಿಟ್ಟುಬಿಟ್ಟ, ಪೀಪಾಯಿ ಲೆಕ್ಕದಲ್ಲಿ ದೊಡ್ಡ ವ್ಯಾಪಾರಿಗೆ ಮಾರುತ್ತಾನೆ ಅಂತ ಯಾರೋ ಹೇಳಿದರು. ಆ ವ್ಯಾಪಾರಿ ಅದನ್ನು ಹತ್ತು ಊರಿನ ವೈನಿನ ಜೊತೆ ಬೆರೆಸಿ ಮಾರುತ್ತಿದ್ದ. ಸಿಲ್ವಿಯಾನ್ ಆ ಬೆರಕೆ ಬಾಟಲಿಗಳನ್ನು ತಂದು, ಒಬ್ಬಳೇ ಅಡುಗೆಮನೆಯಲ್ಲಿ ಕೂತು, ಗ್ಲಾಸಿನೊಳಗೆ ಮೂಗಿಟ್ಟು ಹುಡುಕುತ್ತಿದ್ದಳು. ಹತ್ತರಲ್ಲಿ ಒಂದು ಪಾಲಾದರೂ ಮನೆಯದು ಇರಬೇಕಲ್ಲ. ಒಮ್ಮೊಮ್ಮೆ ಸಿಕ್ಕಿತು ಅನ್ನಿಸುತ್ತಿತ್ತು. ಇನ್ನೊಂದು ಗುಟುಕಿಗೆ ಅದೂ ಇರುತ್ತಿರಲಿಲ್ಲ. ಬಾಟಲಿ ಮುಚ್ಚಿಟ್ಟು ಅಳುತ್ತಿದ್ದಳು. ಹೌದು, ಅಳುತ್ತಿದ್ದಳು, ಇದರಲ್ಲಿ ಮುಚ್ಚಿಡುವುದೇನಿದೆ.

ಈ ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಪ್ರವಾಸದ ಕಚೇರಿಯಿಂದ ಕ್ಲೆಮಾನ್ಸ್ ಅನ್ನುವ ಹುಡುಗಿ ಫೋನು ಮಾಡಿದಳು. ಅಂದು ಹೋಗಬೇಕಾಗಿದ್ದ ತೋಟದವರ ಮನೆಗೆ ಬಾಟಲಿ ತುಂಬುವ ಲಾರಿ ಒಂದು ದಿನ ಮುಂಚೆಯೇ ಬಂದು ಅಂಗಳದಲ್ಲಿ ನಿಂತಿತ್ತು. ಸಣ್ಣ ತೋಟದವರು ಆ ಯಂತ್ರವನ್ನು ಬಾಡಿಗೆಗೆ ಕರೆಸುತ್ತಾರೆ. ಅದು ಬಂದಾಗ ಮನೆಯಲ್ಲಿ ಹೆಣ ಇದ್ದರೂ ಬಾಟಲಿ ತುಂಬಲೇಬೇಕು. ಪ್ರವಾಸಿಗರಿಗೆ ಅಲ್ಲಿ ಜಾಗವಿಲ್ಲ.

“ಬೇರೆ ಕಡೆ ವ್ಯವಸ್ಥೆ ಮಾಡಿದೀನಿ,” ಅಂದಳು ಕ್ಲೆಮಾನ್ಸ್. “ಪೆರ್ನೋಲ್‌ನಲ್ಲಿ. ಅಲ್ಲಿನ ಮನೆಯಾಕೆ ಈ ವಸಂತದಿಂದ ಜನ ಕರ್ಕೊಂಬನ್ನಿ ಅಂತಿದಾರೆ. ಅಂದಹಾಗೆ ಅವರೂ ತ್ರಮುವಾ. ನಿಮ್ಮ ಕಡೆಯೋರಾ?”

“ಆ ಹೆಸರಿನೋರು ಬೇಕಾದಷ್ಟು ಜನ ಇದಾರೆ ಇಲ್ಲಿ.”

“ನಿಮ್ಮ ಹೆಸರು ಹೇಳ್ದೆ. ಆಕೆ ಒಂದ್ನಿಮಿಷ ಸುಮ್ನಿದ್ದು, ಬರ್ಲಿ ಅಂದ್ರು.”

ಆಗಲ್ಲ ಅನ್ನಬಹುದಿತ್ತು. ತಲೆನೋವು ಅನ್ನಬಹುದಿತ್ತು. ಅನ್ನಲಿಲ್ಲ. ಫೋನಿಟ್ಟು ಎರಡು ಸಲ ಅಂಗಿ ಬದಲಾಯಿಸಿದಳು. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಆ ನೆಲಮಾಳಿಗೆಗೆ ಇಳಿಯಬೇಕು, ಒಂದು ಗುಟುಕು ಮೆರ್ಲಿಯೇರ್ ಬಾಯಿಗೆ ಹಾಕಿಕೊಳ್ಳಬೇಕು, ರೆಜಿಸ್ ಒಂದೇ ಒಂದು ಸಲ ಸಿಲ್ವೀ ಅನ್ನಬೇಕು. ಆಮೇಲೆ ಹದಿನಾಲ್ಕು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಹೇಳಿಬಿಡಬೇಕು. ಇವತ್ತು ಆಗದಿದ್ದರೆ ಇನ್ನು ಈ ಜನ್ಮದಲ್ಲಿ ಆಗುವುದಿಲ್ಲ ಅಂತ ಅವಳಿಗೆ ಖಚಿತವಾಗಿ ಗೊತ್ತಿತ್ತು.

ವ್ಯಾನಿನಲ್ಲಿ ಎಂಟು ಜನ. ಚಾಲಕ ಫರೀದ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

“ಏನ್ ಮದಾಮ್, ಇವತ್ತು ಬಾಯೇ ಬಿಡ್ತಿಲ್ಲ. ಹೀಗಾದ್ರೆ ಇವರಿಗೆ ನಾನೇ ವೈನ್ ಬಗ್ಗೆ ಹೇಳ್ಬೇಕಾಗುತ್ತೆ. ನಾನೋ, ಕುಡಿಯೋನೇ ಅಲ್ಲ.”

“ಹೇಳು, ನಿನ್ನ ಮಾತೇ ಹೆಚ್ಚು ನಂಬ್ತಾರೆ.”

“ಊರು ಗೊತ್ತಾ ನಿಮಗೆ? ದಾರಿಗೆ ಕೈ ತೋರಿಸ್ತಿದ್ದೀರಲ್ಲ, ಫೋನ್ ಹೇಳೋಕೆ ಮುಂಚೇನೇ.”

ಅವಳು ಚರ್ಚಿನ ಹತ್ತಿರದ ತಿರುವಿನಲ್ಲಿ ಎಡಕ್ಕೆ ಅಂತ ಕೈ ತೋರಿಸಿದಳು, ಅಷ್ಟೇ. ಬಳ್ಳಿಗಳನ್ನು ಆಗಲೇ ಸವರಿದ್ದರು, ತೋಟಗಳೆಲ್ಲ ಬೋಳಾಗಿದ್ದವು. ತಂತಿಗೆ ಕೊಂಬೆ ಕಟ್ಟುತ್ತಿದ್ದ ಮುದುಕನೊಬ್ಬ ತಲೆಯೆತ್ತಿ ವ್ಯಾನನ್ನು ನೋಡಿದ. ಅವನಿಗೆ ಅವಳ ಗುರುತು ಸಿಗಲಿಲ್ಲ. ಅವಳಿಗೆ ಅವನ ಗುರುತೂ, ಅವನ ಹೆಂಡತಿಯ ಹೆಸರೂ, ಅವರ ನಾಯಿಯ ಹೆಸರೂ ನೆನಪಿತ್ತು.

ನಾದೆಜ್ ಅಂಗಳದಲ್ಲಿ ಕಾಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಂದವರೆಲ್ಲರ ಕೈ ಕುಲುಕಿದಳು, ಸಿಲ್ವಿಯಾನ್‌ಳ ಕೈಯನ್ನು ಮಾತ್ರ ಬಿಡಲಿಲ್ಲ.

“ತೆಳ್ಳಗಾಗಿದೀಯ,” ಅಂದಳು.

“ನೀನೂ.”

“ನಾನೆಲ್ಲಿ ತೆಳ್ಳಗಾದೆ, ಸುಳ್ಳು ಹೇಳೋದು ಇನ್ನೂ ಬಿಟ್ಟಿಲ್ಲ ನೀನು. ಹೋಗು, ಕೆಳಗಿದಾರೆ. ಒಂದು ಮಾತು ಮಾತ್ರ ಕೇಳು, ಏನಂದ್ರೂ ಹೊರಟು ಹೋಗ್ಬೇಡ.”

ಹನ್ನೊಂದು ಮೆಟ್ಟಿಲು. ಏಳನೆಯದು ಸವೆದು ಜಾರುತ್ತಿತ್ತು, ಅವಳ ಕಾಲು ತಾನಾಗಿಯೇ ಅದನ್ನು ತಪ್ಪಿಸಿತು. ಕೆಳಗೆ ಎರಡು ಸಾಲು ಪೀಪಾಯಿ, ನಡುವೆ ಜಲ್ಲಿ ಹಾಸಿದ ನೆಲ, ತಣ್ಣನೆಯ ಗಾಳಿ. ರೆಜಿಸ್ ಬೆನ್ನು ಮಾಡಿ ನಿಂತಿದ್ದ. ತಿರುಗಿದ. ಅರವತ್ತೊಂದಕ್ಕೆ ಅಪ್ಪನ ಮುಖವೇ ಬಂದುಬಿಟ್ಟಿತ್ತು. ಎಂಟು ಜನಕ್ಕೂ ಬನ್ನಿ ಅಂದ, ಅವಳ ಕಡೆ ನೋಡಿ ಗ್ಲಾಸು ಚಾಚಿದ.

“ತಗೊಳ್ಳಿ ಮದಾಮ್. ನೀವೂ ರುಚಿ ನೋಡ್ತೀರಲ್ಲ?”

ಒಡಹುಟ್ಟಿದ ತಂಗಿಗೆ ನೀವು, ಮದಾಮ್. ಅವಳಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಎಂಟು ಜನರ ಮುಂದೆ ಏನು ಮಾಡುವುದು? “ನೋಡ್ತೀನಿ, ಮೊಸ್ಯೋ” ಅಂದಳು.

ರೆಜಿಸ್ ಉದ್ದನೆಯ ಗಾಜಿನ ಕೊಳವೆಯನ್ನು ಪೀಪಾಯಿಯ ಬಾಯಿಗಿಳಿಸಿ, ಮೇಲಿನ ತೂತಿಗೆ ಹೆಬ್ಬೆರಳೊತ್ತಿ ವೈನೆತ್ತಿ, ಒಬ್ಬೊಬ್ಬರ ಗ್ಲಾಸಿಗೂ ಎರಡು ಗುಟುಕು ಬಿಟ್ಟ. “ಇದು ಮೆರ್ಲಿಯೇರ್. ಮನೆ ಹಿಂದಿನ ಗುಡ್ಡದ್ದು. ಇನ್ನೂ ಎಳೇದು, ಪೀಪಾಯೀಲಿ ಇನ್ನಾರು ತಿಂಗಳು ಇರುತ್ತೆ.” ಅಷ್ಟೇ ಹೇಳಿದ. ಅವನಿಗೆ ಮೊದಲಿಂದಲೂ ಮಾತು ಕಡಿಮೆ.

ಸಿಲ್ವಿಯಾನ್ ಗ್ಲಾಸನ್ನು ಮೂಗಿಗೆ ತಂದಳು. ಹದಿನಾಲ್ಕು ವರ್ಷದ ಹಸಿವು ಅದು. ಮೂಸಿದಳು. ಮತ್ತೆ ಮೂಸಿದಳು. ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಹೊರಳಿಸಿದಳು. ಒಳ್ಳೆಯ ವೈನು. ಚೊಕ್ಕಟವಾಗಿತ್ತು, ನುಣ್ಣಗಿತ್ತು, ಬೇರೆ ಯಾರದ್ದಾದರೂ ಆಗಿದ್ದರೆ ಕಣ್ಣು ಮುಚ್ಚಿ ಹದಿನೇಳು ಕೊಡುತ್ತಿದ್ದಳು. ಆದರೆ ಮನೆ ಇರಲಿಲ್ಲ. ಎಲ್ಲಿ ಹುಡುಕಿದರೂ ಇರಲಿಲ್ಲ. ಅಪ್ಪ ಇರಲಿಲ್ಲ, ಹಿತ್ತಲು ಇರಲಿಲ್ಲ. ತನ್ನ ಮೂಗೇ ಸತ್ತುಹೋಯಿತೇನೋ ಅಂತ ಅವಳಿಗೆ ಗಾಬರಿಯಾಯಿತು.

ಗುಂಪಿನಲ್ಲಿ ಬೆಲ್ಜಿಯಂನ ನಿವೃತ್ತ ಹಲ್ಲಿನ ಡಾಕ್ಟರೊಬ್ಬ ಇದ್ದ. ಅವನು ಆರಾಮವಾಗಿ ಚಪ್ಪರಿಸಿ, “ನಾನು ನಲವತ್ತು ವರ್ಷ ಬರೀ ಬಾಯಿಗಳನ್ನೇ ನೋಡಿದೋನು ಸ್ವಾಮಿ,” ಅಂದ. “ಈ ಬಾಯಿಗೆ ಇದು ಬಹಳ ಹಿಡಿಸ್ತು. ಅವಸರ ಇಲ್ಲದೋರು ಮಾಡಿರೋದು ಅಂತ ಗೊತ್ತಾಗುತ್ತೆ.”

ರೆಜಿಸ್‌ಗೆ ಮಾತು ಇಷ್ಟವಾಯಿತು. ಡಾಕ್ಟರ ಗ್ಲಾಸು ಇಸಿದುಕೊಂಡು, ಉಳಿದಿದ್ದ ಗುಟುಕನ್ನು ಪೀಪಾಯಿಗೇ ವಾಪಸು ಸುರಿದ.

ಎಂಜಲು ಅಂತ ಮೂಗು ಮುರಿಯುವವರು ಮುರಿಯಲಿ. ಈ ಕಡೆಯ ನೆಲಮಾಳಿಗೆಗಳಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಿನ್ನ ಬಾಯಿ ನಮ್ಮ ಬಾಯಿ ಅಂತ ಅದರರ್ಥ. ಮನೆಯವರದ್ದು, ನೆಂಟರದ್ದು, ಮೆಚ್ಚಿದ ಅತಿಥಿಯದ್ದು ಪೀಪಾಯಿಗೆ ಹೋಗುತ್ತದೆ. ಬಂದು ಹೋಗುವವರದ್ದು ನೆಲಕ್ಕೆ ಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿದವರಿಗೆ ತಿಳಿಯುತ್ತದೆ. ಡಾಕ್ಟರಿಗೆ ತಿಳಿಯಲಿಲ್ಲ, ‘ಉಳಿತಾಯ’ ಅಂತ ನಕ್ಕ.

ಆಮೇಲೆ ರೆಜಿಸ್ ಸಿಲ್ವಿಯಾನ್‌ಳ ಕೈಯಿಂದ ಗ್ಲಾಸು ತೆಗೆದುಕೊಂಡ. ಅದರಲ್ಲೂ ಒಂದು ಗುಟುಕು ಉಳಿದಿತ್ತು. ಅವಳ ಮುಖವನ್ನೊಮ್ಮೆ ನೋಡಿದ. ಗ್ಲಾಸನ್ನು ಬಗ್ಗಿಸಿ ಜಲ್ಲಿಗೆ ಸುರಿದ.

ಎಲ್ಲಿಂದಲೋ ಬಂದವನ ಎಂಜಲು ಅಜ್ಜನ ಮನೆಯ ಪೀಪಾಯಿಗೆ, ಇದೇ ನೆಲಮಾಳಿಗೆಯಲ್ಲಿ ಅಂಬೆಗಾಲಿಟ್ಟವಳದ್ದು ಕಾಲಡಿಗೆ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮೇಲಿನಿಂದ ನಾದೆಜ್ ಕೂಗಿದಳು, ಚೀಸು ಹಾಕಿ ಬೇಯಿಸಿದ ಬಿಸಿ ಬಿಸಿ ಬನ್ನು ಆರಿಹೋಗುತ್ತಿದೆ, ಎಲ್ಲರೂ ಅಂಗಳಕ್ಕೆ ಬನ್ನಿ ಅಂತ. ಎಂಟು ಜನರೂ ಮೆಟ್ಟಿಲೇರಿದರು. ಸಿಲ್ವಿಯಾನ್ ಅವರ ಹಿಂದೆ ಎರಡು ಮೆಟ್ಟಿಲು ಹತ್ತಿದವಳು ನಿಂತಳು. ಹೊರಟು ಹೋಗಬೇಡ ಅಂದಿದ್ದಳಲ್ಲ ಅತ್ತಿಗೆ. ತಿರುಗಿ ಇಳಿದಳು.

“ರೆಜಿಸ್, ಮದಾಮ್ ಅಂತ ಕರೆದ್ಯಲ್ಲ, ಕರಿ. ನೆಲಕ್ಕೆ ಚೆಲ್ಲಿದ್ಯಲ್ಲ, ಚೆಲ್ಲು. ಆದರೆ ನಾನು ಹೇಳೋದು ಕೇಳು, ಆಮೇಲೆ ಬೇಕಾದ್ರೆ ನಾನೇ ಹೋಗ್ತೀನಿ. ಅವತ್ತು ನಾನು ಸುಳ್ಳು ಹೇಳ್ದೆ.”

ರೆಜಿಸ್ ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಕೈ ನಿಂತಿತು.

“ಗೊತ್ತಿತ್ತು ನನಗೆ. ಮೂಗಿಗೆ ತಂದ ತಕ್ಷಣ ಗೊತ್ತಾಯ್ತು, ನಮ್ಮದು ಅಂತ. ಅಪ್ಪನ ರುಚಿನೇ ಅದು. ಮೇಲೆ ಒಂಚೂರು ಹುಳಿ ಬಂದಿತ್ತು ಅಷ್ಟೇ, ಆ ಒಂದು ಪೀಪಾಯಿ ಕೆಟ್ಟಿತ್ತು. ಗೊತ್ತಿದ್ದೂ ಒಂಬತ್ತು ಹಾಕ್ದೆ. ಊರೆದುರಿಗೆ ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ, ಗೊತ್ತಾಗ್ಲಿಲ್ಲ ಅಂದ್ಬಿಟ್ಟೆ. ನಿನಗೆ ಕಮ್ಮಿ ನೋವಾಗುತ್ತೆ ಅಂದ್ಕೊಂಡೆ.”

ಮೇಲೆ ಅಂಗಳದಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ರೆಜಿಸ್ ಕೊಳವೆಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅಲ್ಲೇ ಇದ್ದ ಸಣ್ಣ ಪೀಪಾಯಿಯ ಮೇಲೆ ಕೂತ.

“ಒಂದೇ ಪೀಪಾಯಿನಾ ಕೆಟ್ಟಿದ್ದು?”

“ನಾನು ಮೂಸಿದ್ದು ಅದೊಂದೇ.”

“ಮಿಕ್ಕಿದ್ದೆಲ್ಲ ಸರಿಯಿತ್ತು?”

“ಮಿಕ್ಕಿದ್ದು ನಾನು ನೋಡಿಲ್ಲ. ಆದ್ರೆ ಆ ಹುಳಿ ಕೆಳಗಿದ್ದ ರುಚಿ ಅಪ್ಪಂದೇ, ರೆಜಿಸ್. ಒಂದು ಕೂದಲೆಳೆ ವ್ಯತ್ಯಾಸ ಇರ್ಲಿಲ್ಲ.”

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಬಯ್ಯುತ್ತಾನೆ, ಈಗ ಹೊರಗೆ ಹಾಕುತ್ತಾನೆ ಅಂತ ಅವಳು ಕಾದಳು.

“ಏನ್ ಮಾಡ್ಬಿಟ್ಟೆ ಸಿಲ್ವೀ,” ಅಂದ. ಧ್ವನಿಯಲ್ಲಿ ಕೋಪ ಇರಲಿಲ್ಲ. “ನಾನು ಎಲ್ಲಾನೂ ಬದಲಾಯಿಸಿಬಿಟ್ಟೆನಲ್ಲೇ.”

“ಏನು ಬದಲಾಯ್ಸಿದೆ?”

“ಎಲ್ಲಾನೂ. ಅಪ್ಪ ಹೋದ್ಮೇಲೆ ಈ ಮನೆ ರುಚಿ ಹಿಡಿಯೋ ಮೂಗು ಅಂತ ಇದ್ದಿದ್ದು ಒಂದೇ, ನಿಂದು. ಆ ಮೂಗಿಗೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೇನು? ಅಪ್ಪ ಕೊಟ್ಟ ಕೈ ಹೋಯ್ತು ಅಂದ್ಕೊಂಡೆ. ನನಗೆ ಮೂಗಿಲ್ಲ, ನಂಗೇನ್ ತಿಳಿಯುತ್ತೆ. ಹಳೇ ಪೀಪಾಯಿಗಳನ್ನೆಲ್ಲ ಮಾರಿದೆ, ಹೊಸದು ತಂದೆ. ಅಪ್ಪ ಗೊಂಚಲನ್ನ ತೊಟ್ಟಿನ ಸಮೇತ ಹುದುಗೋಕೆ ಹಾಕ್ತಿದ್ದ, ಅದು ನಿಲ್ಲಿಸಿದೆ. ಒಂದು ವರ್ಷ ಬೇಗ ಕುಯ್ದೆ, ಒಂದು ವರ್ಷ ತಡ ಮಾಡಿದೆ. ಪ್ರತಿ ಸಲ, ಈ ಸಲ ಸರಿ ಬಂದ್ರೆ ಒಂದು ಬಾಟಲಿ ತಗೊಂಡು ನಿನ್ನ ಮನೆ ಬಾಗಿಲಿಗೆ ಹೋಗ್ತೀನಿ, ಮೂಸು ಅಂತೀನಿ ಅಂದ್ಕೊಳ್ತಿದ್ದೆ.”

“ಮತ್ತೆ ಯಾಕೆ ಬರ್ಲಿಲ್ಲ? ಮೂರು ಭಾನುವಾರ ಬಂದು ನಿಂತೆನಲ್ಲ, ಗೇಟು ತೆಗೀಲಿಲ್ಲ ನೀನು. ಅಷ್ಟು ಕೋಪ ನಿನಗೆ.”

“ಕೋಪ ಅಂದ್ಕೊಂಡ್ಯಾ? ನಾಚಿಕೆ ಕಣೇ. ಅಪ್ಪನ ವೈನ್ ಕೆಡಿಸಿದೋನು ಯಾವ ಮುಖ ಇಟ್ಕೊಂಡು ನಿನ್ನೆದುರು ಕೂತು ಊಟ ಮಾಡ್ಲಿ?”

ಸಿಲ್ವಿಯಾನ್ ಅವನೆದುರಿಗಿದ್ದ ಮೆಟ್ಟಿಲ ಮೇಲೆ ಕೂತಳು.

“ಈಗ ನೆಲಕ್ಕೆ ಚೆಲ್ಲಿದ್ದು?”

“ನೀನು ಮೂಸುವಾಗ ನಿನ್ನ ಮುಖಾನೇ ನೋಡ್ತಿದ್ದೆ. ಈ ಸಲಾನೂ ಗೊತ್ತಾಗ್ಲಿಲ್ಲ ನಿನಗೆ. ನಿನಗೆ ಗುರುತು ಸಿಗದಿದ್ದನ್ನ ಪೀಪಾಯಿಗೆ ವಾಪಸ್ ಹಾಕಿ ಏನ್ ಮಾಡ್ಲಿ? ಸಿಟ್ಟು ಬಂತು, ಆ ವೈನ್ ಮೇಲೆ. ಮದಾಮ್ ಅಂದಿದ್ದಕ್ಕೆ ಮಾತ್ರ ಬೇಕಾದ್ರೆ ಬೈ. ಬೇರೇನ್ ಕರೀಬೇಕೋ ತೋಚ್ಲಿಲ್ಲ.”

ಅವಳಿಗೆ ನಗುವೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡುವುದೋ ತಿಳಿಯಲಿಲ್ಲ. ಅವಳು ಆಗ ಹೇಳಿದ್ದು ಒಂದೇ ಮಾತು, ಗೊತ್ತಾಗ್ಲಿಲ್ಲ ಅಂತ. ಆ ಒಂದು ಮಾತನ್ನು ಅಣ್ಣ ಹದಿನಾಲ್ಕು ವರ್ಷ ಹೆಗಲ ಮೇಲೆ ಹೊತ್ತಿದ್ದ.

“ಹಳೇ ಪೀಪಾಯಿ ಹೋದ್ರೆ ಹೋಗ್ಲಿ,” ಅಂದಳು. “ಬಳ್ಳಿ ಇದೆಯಲ್ಲ. ಅಜ್ಜನ ಬಳ್ಳಿ ಇದ್ರೆ ಎಲ್ಲಾನೂ ವಾಪಸ್ ತರಬಹುದು. ಮುಂದಿನ ಸುಗ್ಗೀಲಿ ಗೊಂಚಲನ್ನ ತೊಟ್ಟಿನ ಸಮೇತ ಹಾಕು, ನಾನು ಬರ್ತೀನಿ.”

ರೆಜಿಸ್ ಎದ್ದು ನೆಲಮಾಳಿಗೆಯ ಕೊನೆಯ ಸಣ್ಣ ಬಾಗಿಲು ತೆಗೆದ. ಅದು ಅಂಗಳಕ್ಕಿಂತ ತಗ್ಗಿನಲ್ಲಿದ್ದ ಹಿತ್ತಲಿಗೆ, ಗುಡ್ಡದ ಬುಡಕ್ಕೆ ತೆರೆದುಕೊಳ್ಳುವ ಬಾಗಿಲು. ಬೆಳಕು ಒಳಗೆ ಬಂತು. ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು.

ಮೆರ್ಲಿಯೇರ್ ಅಲ್ಲೇ ಇತ್ತು. ಅದೇ ಇಳಿಜಾರು, ಅದೇ ಕಲ್ಲಿನ ಗೋಡೆ. ಆದರೆ ತೊಡೆ ಗಾತ್ರದ, ಸೊಟ್ಟ ಸೊಟ್ಟಗಿದ್ದ ಆ ಮುದಿ ಬಳ್ಳಿಗಳು ಇರಲಿಲ್ಲ. ಅವಳ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಎಳೆ ಬಳ್ಳಿಗಳು ನೆಟ್ಟಗೆ, ಸಾಲಾಗಿ, ಒಂದೊಂದು ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು.

“ಬಳ್ಳಿ ಮುದಿಯಾಯ್ತು, ಅದಕ್ಕೇ ರುಚಿ ಹೋಯ್ತು ಅಂದ್ಕೊಂಡೆ,” ಅಂದ ರೆಜಿಸ್. “ಎಂಟು ವರ್ಷ ಆಯ್ತು ಕಿತ್ತು. ನಾನೇ ಕಿತ್ತೆ, ಯಾರನ್ನೂ ಕರೀಲಿಲ್ಲ. ಒಂಬತ್ತು ದಿನ ಹಿಡೀತು.”

ಸಿಲ್ವಿಯಾನ್ ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ಅತ್ತಳು. ಕಿಟಕಿಯಿಂದ ದಿನಾ ನೋಡಿದ ಗುಡ್ಡ ಇದೇ, ಅಷ್ಟು ದೂರದಿಂದ ಬಳ್ಳಿ ಹಳೆಯದೋ ಹೊಸದೋ ಕಾಣುವುದಿಲ್ಲ. ಎಂಟು ವರ್ಷದಿಂದ ಅವಳು ಹಂಬಲಿಸಿದ್ದು ಇಲ್ಲದ ಬಳ್ಳಿಗಾಗಿ. ರೆಜಿಸ್‌ಗೆ ಸಮಾಧಾನ ಮಾಡುವುದು ಬರುತ್ತಿರಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟು, ತೆಗೆದು, ಮತ್ತೆ ಇಟ್ಟ.

“ಇವು ಅಜ್ಜನ ಬಳ್ಳಿ ಥರ ಆಗೋಕೆ ಎಷ್ಟು ವರ್ಷ ಬೇಕು?” ಅಂತ ಕೇಳಿದಳು, ಮೂಗೊರೆಸಿಕೊಂಡು.

“ಮೂವತ್ತು.”

“ಆಗ ನಿನಗೆ ತೊಂಬತ್ತೊಂದು.”

“ನಿನಗೂ ಏನು ಹದಿನಾರಾಗಿರಲ್ಲ ಬಿಡು.”

ಇಬ್ಬರೂ ಸ್ವಲ್ಪ ಹೊತ್ತು ಎಳೆ ಬಳ್ಳಿಗಳನ್ನು ನೋಡುತ್ತಾ ನಿಂತರು. ಮೇಲೆ ನಾದೆಜ್ ಹಲ್ಲಿನ ಡಾಕ್ಟರಿಗೆ ಇನ್ನೆರಡು ಬನ್ನು ತಿನ್ನಿ ಅಂತ ಒತ್ತಾಯ ಮಾಡುತ್ತಿದ್ದುದು ಕೇಳಿಸುತ್ತಿತ್ತು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಅವರನ್ನು ಅಲ್ಲೇ ಹಿಡಿದಿಡುತ್ತಾಳೆ ಅಂತ ಸಿಲ್ವಿಯಾನ್‌ಗೆ ಗೊತ್ತಿತ್ತು.

“ಹೇಗಿತ್ತು, ಹೇಳು,” ಅಂದ ರೆಜಿಸ್ ಇದ್ದಕ್ಕಿದ್ದಂತೆ.

“ಯಾವುದು?”

“ಅಪ್ಪನ ಮೆರ್ಲಿಯೇರ್. ಹುಡುಕಿ ಹುಡುಕಿ, ಏನು ಹುಡುಕ್ತಿದ್ದೆ ಅನ್ನೋದೇ ಮರೆತುಹೋಗಿದೆ ನನಗೆ. ಒಂದು ಬಾಟಲೀನೂ ಉಳಿದಿಲ್ಲ ಮನೇಲಿ. ನಿನ್ನ ಹತ್ರ ಬಿಟ್ರೆ ಅದು ಇನ್ನೆಲ್ಲೂ ಇಲ್ಲ.”

ದಿನಕ್ಕೆ ಎರಡು ಸಲ ಅದೇ ಕೆಲಸ ಮಾಡುವವಳು. ಬಾಯಿ ತಾನಾಗಿಯೇ ಶುರು ಮಾಡಿತು. “ಕಪ್ಪು ಚೆರ್ರಿ. ಆಮೇಲೆ ಸ್ವಲ್ಪ ಒದ್ದೆ ಕಲ್ಲು, ಕೊನೇಲಿ ತೆಳುವಾಗಿ ಒಗರು...”

“ಅದು ಗಿರಾಕಿಗಳಿಗೆ ಹೇಳೋ ಮಾತು. ನನಗೆ ಹೇಳು.”

ಅವಳು ಕಣ್ಣು ಮುಚ್ಚಿದಳು.

“ಅಮ್ಮ ಇಲ್ಲೇ ಕೆಳಗೆ ಒಲೆ ಹೂಡಿ ಚೆರ್ರಿ ಜಾಮ್ ಮಾಡ್ತಾ ಪಕ್ಕದ ಮನೆಯೋಳ ಜೊತೆ ಮಾತಿಗೆ ನಿಂತು ಪಾತ್ರೆ ತಳ ಹಿಡಿಸ್ತಿದ್ಲಲ್ಲ. ಹೊಗೆ ಹೋಗ್ಲಿ ಅಂತ ಈ ಬಾಗಿಲು ತೆಗೀತಿದ್ಲು. ಒಳಗಿಂದ ಸೀದ ಚೆರ್ರಿ ವಾಸನೆ, ಹೊರಗಿಂದ ಮಳೆ ಬಿದ್ದ ಗೋಡೆ ವಾಸನೆ. ಎರಡೂ ಇಲ್ಲಿ, ಹೊಸಿಲ ಹತ್ರ ಸೇರ್ತಿತ್ತು. ಮೊದಲು ಬರೋದು ಅದು. ಬಾಯಿಗೆ ಹಾಕ್ಕೊಂಡ್ರೆ ತಣ್ಣಗೆ, ಅಪ್ಪ ತೋಟದಿಂದ ಬಂದು ನಮ್ಮ ಕೆನ್ನೆ ಹಿಡೀತಿದ್ದ ಕೈ ಥರ. ಒರಟು, ಆದ್ರೆ ನೋವಾಗ್ತಿರ್ಲಿಲ್ಲ. ನುಂಗಿದ್ಮೇಲೆ ಬೇಗ ಹೋಗ್ತಿರ್ಲಿಲ್ಲ ಅದು, ರೆಜಿಸ್. ಮಲಗೋಕೆ ಕಳಿಸಿದ್ಮೇಲೂ ಮೆಟ್ಟಿಲ ಮೇಲೆ ಕೂತು ದೊಡ್ಡೋರ ಮಾತು ಕೇಳ್ತಿದ್ವಲ್ಲ ನಾವಿಬ್ರು, ಹಾಗೆ ಅಲ್ಲೇ ಇರ್ತಿತ್ತು.”

ಅಂಗಳದಾಚೆ ಫರೀದ್ ಎರಡು ಸಲ ಹಾರ್ನ್ ಒತ್ತಿದ. ಸಿಲ್ವಿಯಾನ್ ಕಣ್ಣು ತೆರೆದು ಅಣ್ಣನನ್ನು ನೋಡಿದಳು. ರೆಜಿಸ್ ಎಳೆ ಬಳ್ಳಿಗಳ ಕಡೆ ಮುಖ ಮಾಡಿ, ಬಾಯಿಯನ್ನು ಸ್ವಲ್ಪ ಆಡಿಸುತ್ತಾ, ನಾಲಿಗೆಯಿಂದ ಏನನ್ನೋ ತಡಕುತ್ತಿದ್ದ. ಅವನಿಗೆ ಸಿಗಲಿಲ್ಲ. ಅದು ಅವಳಿಗೆ ಅವನ ಮುಖದಲ್ಲೇ ಕಂಡಿತು.

“ಇನ್ನೊಂದ್ಸಲ ಹೇಳು,” ಅಂದ.